ನುಂಗಬಾರದ ಗುಳಿಗೆ

ಆ ಹೆಂಗಸು ಔಷಧಿ ಕಿಟಕಿಯ ಸರಳು ಹಿಡಿದು ನಿಂತಾಗ ಅವಳ ಎದೆಯ ಸಿಳ್ಳೆ ನಾನು ಒಳಗೆ ಕೂತಲ್ಲಿಗೇ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ನಮ್ಮ ನರ್ಸಮ್ಮ ಅವಳ ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಮಷೀನಿನಿಂದ ಔಷಧಿಯ ಹಬೆ ಕೊಟ್ಟಿದ್ದರು. ಕೆನ್ನೆಯ ಮೇಲೆ ಮಾಸ್ಕಿನ ಗುರುತು ಇನ್ನೂ ಮಾಸಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಯಾರೋ ಆಗತಾನೇ ಉಗಿದ ಗುಟ್ಕಾದ ಕೆಂಪು ಎಂಜಲು ಹರಿದಿತ್ತು. ಅವಳ ಕೈ ಅದಕ್ಕೆ ತಾಗದಿರಲೆಂದು ಒಂದು ಹಳೆಯ ಕಾಗದ ಹಾಕಿ ಮುಚ್ಚಿದೆ. ಒರೆಸಲಿಲ್ಲ. ಒರೆಸುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು.

ಶಹಾಪುರ ಮತ್ತು ಸುರಪುರದ ನಡುವಿನ ಒಂದು ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನಾನು ಆಗ ಫಾರ್ಮಾಸಿಸ್ಟ್ ಆಗಿದ್ದೆ. ಕಾಲುವೆಯ ನೀರು ಬಂದ ಮೇಲೆ ಆ ಕಡೆಯ ಜೋಳ, ತೊಗರಿಯ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ರಸ್ತೆಯ ಗುಂಟ ಅಕ್ಕಿ ಗಿರಣಿಗಳು ಎದ್ದಿದ್ದವು. ಚೀಲ ಹೊರುವವರು, ಹೊಟ್ಟು ತುಂಬುವವರು, ತೌಡು ಗುಡಿಸುವವರು ಕೆಮ್ಮುತ್ತ ನಮ್ಮಲ್ಲಿಗೆ ಬರುತ್ತಿದ್ದರು. ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು, ದಮ್ಮು. ಗಂಡಸರ ಜೇಬಿನಲ್ಲಿ ಬೀಡಿ ಕಟ್ಟು ಇರುತ್ತಿತ್ತು, ಹೆಂಗಸರಿಗೆ ಮನೆಯ ಒಲೆಯ ಹೊಗೆ ಸಾಕಾಗುತ್ತಿತ್ತು. ಈ ಹೆಂಗಸು ಗಿರಣಿಯ ನೆಲ ಗುಡಿಸುವವಳು. ನಲವತ್ತರ ಆಸುಪಾಸು. ಬೀಡಿ ಮುಟ್ಟಿದವಳಲ್ಲ.

ಅವಳ ಚೀಟಿ ನೋಡಿ ಕ್ಯಾಪ್ಸೂಲಿನ ಎರಡು ಪಟ್ಟಿ ಮುಂದಿಟ್ಟೆ. ಅವಳು ಕೈ ಚಾಚಲಿಲ್ಲ.

"ಸಾಹೇಬ್ರ, ಈ ಗುಳಿಗಿ ಬ್ಯಾಡ್ರಿ. ಬ್ಯಾರೆ ಏನರ ಕೊಡ್ರಿ."

"ಯಾಕ?"

"ನುಂಗಿದ್ರ ಗಂಟಲದಾಗ ಹತ್ತಿಕೊಂಡು ಕುಂದರ್ತದ. ಎಷ್ಟು ನೀರ್ ಕುಡಿದ್ರೂ ಇಳಿಯಂಗಿಲ್ಲ."

ನನ್ನ ಕೈ ಮುಂದಿನವನ ಚೀಟಿಗೆ ಹೋಗಿತ್ತು. ಅಲ್ಲೇ ನಿಂತಿತು. "ನುಂಗ್ತೀರಾ?" ಎಂದೆ.

"ಮತ್ತ ಗುಳಿಗಿ ನುಂಗಲಾರ್ದ ಏನ್ ಮಾಡ್ತಾರ್ರಿ? ಮುಂಜಾನಿ ಒಂದು, ಸಂಜಿಗಿ ಒಂದು ಅಂತ ನೀವ ಹೇಳೀರಿ."

ಹೇಳಿದ್ದೆ. ಅಷ್ಟೇ ಹೇಳಿದ್ದೆ.

ಅವು ನುಂಗುವ ಕ್ಯಾಪ್ಸೂಲುಗಳಲ್ಲ. ಒಳಗಿರುವುದು ಹಿಟ್ಟಿಗಿಂತ ನುಣ್ಣನೆಯ ಪುಡಿ. ಅದನ್ನು ಒಂದು ಪುಟ್ಟ ಪ್ಲಾಸ್ಟಿಕ್ ಸಾಧನದಲ್ಲಿಟ್ಟು ತಿರುವಿದರೆ ಕ್ಯಾಪ್ಸೂಲು ಒಡೆದು ಪುಡಿ ಉದುರುತ್ತದೆ. ಆಮೇಲೆ ಬಾಯಿಯಿಂದ ಜೋರಾಗಿ ಉಸಿರೆಳೆದುಕೊಂಡರೆ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ನೋಡಲಿಕ್ಕೆ ಮಕ್ಕಳ ಪೀಪಿಯ ಹಾಗಿರುವುದರಿಂದ ನಮ್ಮವರೆಲ್ಲ ಅದನ್ನು ಪೀಪಿ ಎಂದೇ ಕರೆಯುತ್ತಿದ್ದರು. ಪೀಪಿ ಇಲ್ಲದೆ ಆ ಪುಡಿಯನ್ನು ನುಂಗಿದರೆ ಅದು ಹೊಟ್ಟೆಗೆ ಹೋಗಿ ವ್ಯರ್ಥವಾಗುತ್ತದೆ, ಎದೆಗೆ ತಲುಪುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಬರೆದಿದ್ದೆ. ಆದರೆ ಕಿಟಕಿಯ ಮುಂದೆ ಸಾಲು ನಿಂತಾಗ ನಾನು ಚೀಟಿ ನೋಡುತ್ತಿದ್ದೆ, ಪಟ್ಟಿ ಕತ್ತರಿಸುತ್ತಿದ್ದೆ, ಎರಡು ಬೆರಳು ತೋರಿಸುತ್ತಿದ್ದೆ. ಪೀಪಿ ಇವರ ಹತ್ತಿರ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಆರು ತಿಂಗಳಲ್ಲಿ ಒಂದು ದಿನವೂ ನನ್ನ ತಲೆಗೆ ಬಂದಿರಲಿಲ್ಲ.

ಅವತ್ತು ಅವಳಿಗೆ ನುಂಗುವ ಬೇರೆ ಮಾತ್ರೆ ಬರೆಸಿಕೊಟ್ಟು, ಮರುದಿನ ತಪ್ಪದೆ ಬಾ ಎಂದು ಹೇಳಿ ಕಳಿಸಿದೆ. ಹೊರರೋಗಿಗಳ ಹೊತ್ತು ಮುಗಿದ ಮೇಲೆ ನನಗಿಂತ ಮೊದಲು ಅಲ್ಲಿದ್ದ ಫಾರ್ಮಾಸಿಸ್ಟಿಗೆ ಫೋನ್ ಮಾಡಿದೆ. ಅವರು ವರ್ಗವಾಗಿ ಯಾದಗಿರಿ ಕಡೆ ಹೋಗಿದ್ದರು.

"ಪೀಪಿ ಬಂದಿದ್ವಲ್ರಿ, ಒಂದು ಪೂರಾ ಡಬ್ಬಿ," ಎಂದರು. "ಸ್ಟೋರ್ ರೂಮಿನಾಗ ಕಿಟಕಿ ಕೆಳಗ ಇಟ್ಟೀನಿ. ಚಾರ್ಜ್ ಕೊಡೋ ಮುಂದ ಪಟ್ಟಿಯಾಗ ಬರದೀನಿ ನೋಡ್ರಿ."

"ಮಂದಿಗಿ ಯಾಕ ಕೊಡಲಿಲ್ಲ?"

"ಆವಾಗ ಗುಳಿಗಿ ಬಂದಿದ್ದಿಲ್ಲ. ಬರೇ ಪೀಪಿ ತಗೊಂಡು ಏನ್ ಮಾಡ್ತಾರ?"

ಚಾರ್ಜ್ ತೆಗೆದುಕೊಂಡಾಗಿನ ಆ ಪಟ್ಟಿ ತೆಗೆದು ನೋಡಿದೆ. 'ಪ್ಲಾಸ್ಟಿಕ್ ಸಾಮಾನು, ಡಬ್ಬಿ ಒಂದು' ಎಂದು ಬರೆದಿತ್ತು. ಕೆಳಗೆ ನನ್ನ ಸಹಿ ಇತ್ತು. ಡಬ್ಬಿ ತೆರೆದು ನೋಡದೆ ಹಾಕಿದ ಸಹಿ.

ಸ್ಟೋರ್ ರೂಮಿನ ಕಿಟಕಿಯ ಕೆಳಗಿನ ಆ ರಟ್ಟಿನ ಡಬ್ಬಿಯನ್ನು ನಾನು ಚೆನ್ನಾಗಿ ಬಲ್ಲೆ. ದಿನಕ್ಕೆ ನಾಲ್ಕೈದು ಬಾರಿ ಅದರ ಮೇಲೆ ಕೂತು ಸಿಗರೇಟು ಸೇದುತ್ತಿದ್ದೆ. ಹೊರಗಿನ ಗೇಟಿಗೆ 'ತಂಬಾಕು ಮುಕ್ತ ಆವರಣ' ಎಂಬ ಫಲಕ ಬರೆಸಿ ಹಾಕಿಸಿದವನೂ ನಾನೇ. ಆ ಕೆಲಸದ ಉಸ್ತುವಾರಿ ನನ್ನ ಹೆಸರಿಗಿತ್ತು. ಆದ್ದರಿಂದ ಯಾರ ಕಣ್ಣಿಗೂ ಬೀಳಬಾರದೆಂದು ಒಳಗೆ ಹೋಗಿ ಸೇದುತ್ತಿದ್ದೆ.

ಡಬ್ಬಿಯನ್ನು ಎಳೆದೆ. ತಳ ಒದ್ದೆಯಾಗಿ ಕಿತ್ತುಬಂತು. ಅದರ ಹಿಂದೆ, ಗೋಡೆಗೆ ತಾಗಿದ ಸಂದಿಯಲ್ಲಿ, ನಾನು ಆರು ತಿಂಗಳಿಂದ ತುರುಕಿದ ಸಿಗರೇಟಿನ ತುಂಡುಗಳು ಗುಡ್ಡೆಯಾಗಿದ್ದವು. ಒಂದು ಮೂಲೆಯನ್ನು ಇಲಿ ಕೊರೆದು ಒಳಗೆ ಗೂಡು ಮಾಡಿತ್ತು. ಗೂಡಿನಲ್ಲಿ ಹತ್ತಿ, ಕಾಗದದ ಚೂರು, ನನ್ನದೇ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ, ಇನ್ನೂ ಕಣ್ಣು ಬಿಡದ ನಾಲ್ಕು ಮರಿ. ಇಲಿ ಉಚ್ಚೆಯ ನಾತ ಮತ್ತು ಹಳಸಿದ ತಂಬಾಕಿನ ನಾತ ಸೇರಿ ಮೂಗಿಗೆ ಬಡಿಯಿತು. ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆಯಲು ಕೈ ಎತ್ತಿದಾಗ ಅದೇ ನಾತ ನನ್ನ ಬೆರಳುಗಳಲ್ಲಿಯೂ ಇತ್ತು.

ಸಂಜೆಯವರೆಗೆ ಕೂತು ಪೀಪಿಗಳನ್ನು ಬೇರೆ ಮಾಡಿದೆ. ಪ್ರತಿಯೊಂದಕ್ಕೂ ಒಂದು ಪ್ಲಾಸ್ಟಿಕ್ ಚೀಲವಿತ್ತು. ಅರ್ಧಕ್ಕಿಂತ ಹೆಚ್ಚು ಚೀಲಗಳು ಹರಿದಿದ್ದವು, ಕೆಲವು ಪೀಪಿಗಳ ಬಾಯಿಯನ್ನೇ ಇಲಿ ಕಡಿದಿತ್ತು. ಚೀಲ ಗಟ್ಟಿಯಾಗಿ ಮುಚ್ಚಿದ್ದವು ಹದಿನಾಲ್ಕು ಸಿಕ್ಕವು. ಮರುದಿನ ಬೆಳಿಗ್ಗೆ ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ದಿನವೂ ನೂರಾರು ಜನರನ್ನು ನೋಡಿ ದಣಿದವರು. ಚೀಟಿಯಲ್ಲಿ ಪೀಪಿಯ ಸಮೇತ ಎಂದು ಅವರು ಬರೆದೇ ಇದ್ದರು. ಓದದವನು ನಾನು. ಆದರೆ ರೋಗಿಗಳು ಸುಧಾರಿಸದೆ ಮತ್ತೆ ಮತ್ತೆ ಬಂದಾಗ ಅವರೂ ಕೇಳಿರಲಿಲ್ಲ.

"ಹರಿದಿದ್ದನ್ನೂ ಬಿಸಿನೀರಾಗ ತೊಳೆದು ಕೊಟ್ಟುಬಿಡ್ರಿ," ಎಂದರು.

"ಇಲಿ ಉಚ್ಚೆಯಾಗ ಬಿದ್ದದ್ದು ಸರ್. ಬಾಯಿಗಿ ಹಚ್ಚಿಕೊಳ್ಳೋದು."

ಅವರು ಮುಖ ಕಿವುಚಿ ಬೇಡ ಎಂಬಂತೆ ಕೈಯಾಡಿಸಿದರು. ಆಮೇಲೆ, "ನೋಡ್ರಿ, ಹೊಸಾ ಔಷಧಿ ಬಂದದ ಅಂತ ಹೇಳಿ ಕೊಟ್ಟುಬಿಡ್ರಿ. ಹಳೇದ್ಯಾಕ ಕೆದಕ್ತೀರಿ? ಊರ ಮಂದಿ ಬಾಗಿಲಿಗೆ ಬರ್ತಾರ," ಎಂದರು.

ನನಗೂ ಅದೇ ಬೇಕಾಗಿತ್ತು. ತಲೆಯಾಡಿಸಿ ಹೊರಗೆ ಬಂದೆ.

ಗಿರಣಿಯ ಹೆಂಗಸು ಹನ್ನೊಂದಕ್ಕೆ ಬಂದಳು. ಅವಳನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದೆ. "ಹೊಸಾ ಔಷಧಿ ಬಂದದ, ಹ್ಯಾಂಗ ತಗೋಬೇಕು ತೋರಿಸ್ತೀನಿ ನೋಡ್ರಿ," ಎಂದು ಪೀಪಿ ಬಿಚ್ಚಿದೆ. ಕ್ಯಾಪ್ಸೂಲನ್ನು ತೂತಿನಲ್ಲಿಟ್ಟು ಒತ್ತಿ, ಕೆಳಭಾಗ ತಿರುವಿ, ಪುಡಿ ಉದುರಿದ್ದನ್ನು ತೋರಿಸಿದೆ. "ಈಗ ಮೊದಲ ಉಸಿರೆಲ್ಲಾ ಹೊರಗ ಬಿಡಬೇಕು, ಪೀಪಿಯೊಳಗಲ್ಲ, ಹೊರಗ," ಎಂದು ನಾನೇ ಬಾಯಿ ತೆರೆದು ಉಸಿರು ಬಿಟ್ಟು ತೋರಿಸಿದೆ.

ಅವಳು ತಟ್ಟನೆ ಮುಖ ತಿರುಗಿಸಿದಳು. ಸೆರಗು ಮೂಗಿಗೆ ಒತ್ತಿಕೊಂಡು ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲೇ ಇಲ್ಲ. ನರ್ಸಮ್ಮ ಓಡಿ ಬಂದು ಮತ್ತೆ ಮಷೀನಿಗೆ ಕೂರಿಸಬೇಕಾಯಿತು. ನಾನು ಆಗಷ್ಟೇ ಹಿತ್ತಲಲ್ಲಿ ಒಂದು ಸಿಗರೇಟು ಮುಗಿಸಿ ಬಂದಿದ್ದೆ.

ಸುಧಾರಿಸಿಕೊಂಡ ಮೇಲೆ ಅವಳೇ, "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ, ನಿಮ್ಮ ಬಾಯಿ ವಾಸನಿ ನನಗ ಆಗಲಿಲ್ಲ," ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆ ವಾಸನೆ ತನಗೆ ಹೇಸಿಕೆ ತರಿಸಿತು ಎಂಬುದನ್ನು ಮರ್ಯಾದೆಯಿಂದ ಹೇಳಿದಳು, ಅಷ್ಟೆ. ನಾನು ಹೋಗಿ ಬಾಯಿ ತೊಳೆದು ಬಂದೆ. ಈ ಸಲ ಸ್ವಲ್ಪ ದೂರ ನಿಂತು ತೋರಿಸಿದೆ. ಅವಳು ತುಟಿ ಬಿಗಿಹಿಡಿದು, ಪೀಪಿ ಕಚ್ಚಿ, ಜೋರಾಗಿ ಎಳೆದುಕೊಂಡು, ಹತ್ತು ಎಣಿಸುವವರೆಗೆ ಉಸಿರು ಹಿಡಿದಳು. ಮೂರನೇ ಸಲಕ್ಕೆ ಸರಿಯಾಯಿತು. ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲವಾದರೆ ಬಾಯಿ ಹುಣ್ಣಾಗುತ್ತದೆ ಎಂದೂ ಹೇಳಿದೆ.

ಹೊರಡುವಾಗ ಅವಳು ಬಾಗಿಲಲ್ಲಿ ನಿಂತಳು. "ಮನಿಯಾಗ ಹಳೇ ಗುಳಿಗಿ ಎರಡು ಪಟ್ಟಿ ಉಳದಾವ್ರಿ. ಅವನ್ನ ನುಂಗಿ ಮುಗಿಸಿ, ಆಮ್ಯಾಲೆ ಈ ಹೊಸಾದು ಸುರು ಮಾಡ್ಲೇನು?"

ಹೊಸದೂ ಹಳೆಯದೂ ಒಂದೇ ಕ್ಯಾಪ್ಸೂಲು. ನಾನು ಹೇಳಿದ ಸುಳ್ಳನ್ನು ನಂಬಿದರೆ ಅವಳು ಮನೆಯಲ್ಲಿರುವುದನ್ನು ನುಂಗುತ್ತಲೇ ಇರುತ್ತಾಳೆ, ಇನ್ನೂ ಎಷ್ಟೋ ಜನ ನುಂಗುತ್ತಾರೆ. ಹಳೆಯದನ್ನು ಚೆಲ್ಲಿಬಿಡಿ ಎಂದರೆ ಒಳ್ಳೆಯ ಔಷಧಿ ಚರಂಡಿ ಸೇರುತ್ತದೆ. ಯಾವ ಕಡೆಯಿಂದ ನೋಡಿದರೂ ನಿಜ ಹೇಳದೆ ಈ ಕೆಲಸ ಆಗುವ ಹಾಗಿರಲಿಲ್ಲ.

"ಇವು ಹೊಸಾವಲ್ರಿ ಅಕ್ಕಾರ," ಎಂದೆ. "ಅವ ಹಳೇ ಗುಳಿಗಿ. ನುಂಗೋವಲ್ಲ, ಹಿಂಗ ಎಳಕೊಳ್ಳೋವು. ಮೊದಲ ದಿನಾನ ಪೀಪಿ ಕೊಟ್ಟು ತೋರಿಸಬೇಕಾಗಿತ್ತು. ನಾ ತೋರಿಸಲಿಲ್ಲ. ತಪ್ಪು ನಂದು."

ಅವಳು ಪೀಪಿಯನ್ನು ಕೈಯಲ್ಲಿ ತಿರುವಿ ನೋಡಿದಳು. "ಆರು ತಿಂಗಳಾತು ನಾ ಗ್ವಾಡಿಗಿ ಆನಿಕೊಂಡು ಕುಂತ ಮಲಗಾಕತ್ತೀನಿ," ಎಂದಳು. ಪೀಪಿಯನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಆ ಮಧ್ಯಾಹ್ನ ಡಾಕ್ಟರಿಗೆ ಬರಹದಲ್ಲಿ ಕೊಟ್ಟೆ. ಎಷ್ಟು ತಿಂಗಳು, ಎಷ್ಟು ಜನರಿಗೆ, ಯಾರ ತಪ್ಪಿನಿಂದ ಎಂದು. ಅವರು ಓದಿ, "ನಿಮ್ಮ ಕೈಯಾರೆ ನಿಮ್ಮ ನೌಕರಿಗಿ ಕಲ್ಲು ಹಾಕ್ಕೊಳ್ಳಾಕತ್ತೀರಿ," ಎಂದರು. ಆದರೂ ಸ್ವೀಕರಿಸಿದ್ದೇನೆ ಎಂದು ಸಹಿ ಹಾಕಿದರು. ಅದರ ಫಲವಾಗಿ ನನಗೆ ಒಂದು ನೋಟಿಸು ಬಂತು, ಒಂದು ವಿಚಾರಣೆ ಆಯಿತು, ಬಡ್ತಿ ತಡವಾಯಿತು. ಅದನ್ನು ಇಲ್ಲಿ ಉದ್ದ ಮಾಡುವುದಿಲ್ಲ.

ರಿಜಿಸ್ಟರಿನಿಂದ ಹೆಸರು ತೆಗೆದಾಗ ಪಟ್ಟಿಯಲ್ಲಿ ಮೂವತ್ತೊಂದು ಜನ ಬಂದರು. ಸುರಪುರದ ಕಡೆಯ ಇನ್ನೊಂದು ಕೇಂದ್ರದ ಫಾರ್ಮಾಸಿಸ್ಟ್ ಹೆಚ್ಚಾಗಿದ್ದ ಹನ್ನೆರಡು ಪೀಪಿ ಕೊಟ್ಟರು. ಉಳಿದವನ್ನು ಯಾದಗಿರಿಯಿಂದ ತರಿಸಿಕೊಂಡೆವು. ಕೇಂದ್ರಕ್ಕೆ ಬರುವವರಿಗೆ ಅಲ್ಲೇ ಕಲಿಸಿದೆ, ಬರದವರ ಮನೆಗೆ ಹೋದೆ. ಒಬ್ಬನು ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ಚಹಾದಲ್ಲಿ ಕಲಸಿ ಕುಡಿಯುತ್ತಿದ್ದ. ಇನ್ನೊಬ್ಬಳು ಜೇನಿನಲ್ಲಿ ನೆಕ್ಕುತ್ತಿದ್ದಳು. ಗಿರಣಿಯ ಒಬ್ಬ ಹಮಾಲ ನನ್ನ ಮಾತು ಪೂರ್ತಿ ಕೇಳಿ, ಹಲ್ಲಿನ ಸಂದಿಯಿಂದ ನನ್ನ ಕಾಲ ಹತ್ತಿರ ಉಗಿದು, "ನಿಮಗ ಸರಕಾರದವ್ರು ಪಗಾರ ಯಾಕ ಕೊಡ್ತಾರೋ," ಎಂದ. ಉಗುಳು ನನ್ನ ಚಪ್ಪಲಿಗೆ ತಾಗಿತ್ತು. ಒರೆಸಿಕೊಂಡು ಅವನಿಗೂ ಕಲಿಸಿದೆ.

ಸಿಗರೇಟು ಬಿಡಲೇಬೇಕಾಯಿತು. ಅದೇನು ದೊಡ್ಡ ನಿರ್ಧಾರವಲ್ಲ. ಪ್ರತಿ ಮನೆಯಲ್ಲೂ ಉಸಿರು ಬಿಟ್ಟು ತೋರಿಸಬೇಕಾಗಿತ್ತು, ಆ ಬಾಯಿಯಿಂದ ಸಾಧ್ಯವಿರಲಿಲ್ಲ. ತಂಬಾಕು ಬಿಡುವವರಿಗೆ ಕೊಡಲೆಂದು ಬಂದ ನಿಕೋಟಿನ್ ಗಮ್ ನಮ್ಮ ಬೀರುವಿನಲ್ಲಿ ಯಾರಿಗೂ ಕೊಡದೆ ಬಿದ್ದಿತ್ತು. ಡಾಕ್ಟರಿಂದ ಚೀಟಿ ಬರೆಸಿಕೊಂಡು ಒಂದು ಪೆಟ್ಟಿಗೆ ತೆಗೆದುಕೊಂಡೆ. ಸಿಗರೇಟಿನ ಆಸೆ ಬಂದಾಗಲೆಲ್ಲ ಒಂದು ಬಾಯಿಗೆ ಹಾಕಿ, ಎಲೆ ಅಡಿಕೆಯಂತೆ ಜಗಿದು, ರಸ ನುಂಗಿದೆ. ಬಿಕ್ಕಳಿಕೆ ಹತ್ತಿತು. ಎದೆ ಉರಿಯಿತು. ನಾಲ್ಕನೇ ದಿನ ಶಹಾಪುರದ ಬಸ್ ನಿಲ್ದಾಣದಲ್ಲಿ ಹೊಟ್ಟೆ ತೊಳಸಿ ಬಂದು ಕಂಬ ಹಿಡಿದು ನಿಂತೆ. ಇದು ಕೆಲಸಕ್ಕೆ ಬಾರದ ಔಷಧಿ ಎಂದು ಬಯ್ದುಕೊಂಡು, ಎದುರಿನ ಅಂಗಡಿಯಲ್ಲಿ ಒಂದು ಸಿಗರೇಟು ಕೊಂಡು ಸೇದಿದೆ.

ಬಸ್ಸಿನಲ್ಲಿ ಕೂತ ಮೇಲೆ, ಮಾಡಲು ಬೇರೆ ಕೆಲಸವಿಲ್ಲದೆ, ಪೆಟ್ಟಿಗೆಯೊಳಗಿನ ಹಾಳೆ ಬಿಡಿಸಿ ಓದಿದೆ. ಮೆಲ್ಲಗೆ ಜಗಿಯಬೇಕು. ಖಾರ ಹತ್ತಿದ ಕೂಡಲೇ ನಿಲ್ಲಿಸಿ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಎರಡು ಸಲ ಜಗಿಯಬೇಕು. ಅರ್ಧ ಗಂಟೆ ಹೀಗೇ ನಡೆಸಬೇಕು. ಚಹಾ ಕುಡಿದ ಕೂಡಲೇ ಹಾಕಿಕೊಳ್ಳಬಾರದು. ರಸ ನುಂಗಬಾರದು, ನುಂಗಿದರೆ ಬಿಕ್ಕಳಿಕೆ, ವಾಕರಿಕೆ. ಔಷಧಿ ಹೋಗಬೇಕಾದ್ದು ಕೆನ್ನೆಯ ಒಳಪದರದಿಂದ.

ಆ ಹಾಳೆಯನ್ನು ಎರಡು ಸಲ ಓದಿದೆ. ಔಷಧಿ ಶಾಸ್ತ್ರ ಓದಿ, ಸರ್ಕಾರದ ಮುದ್ರೆ ಇಟ್ಟುಕೊಂಡು ಕೂತ ನಾನೂ ನುಂಗಿದ್ದೆ. ಮೂವತ್ತೊಂದು ಜನರಿಗೆ ಹಾಳೆ ಓದಲು ಬರುತ್ತಿರಲಿಲ್ಲ, ಓದಿ ಹೇಳಬೇಕಾದವನು ನಾನಾಗಿದ್ದೆ. ನನಗೆ ಯಾವ ನೆಪವಿತ್ತು? ನನ್ನ ಮೇಲೆ ನನಗೆ ಬಂದಷ್ಟು ಅಸಹ್ಯ ಆ ಇಲಿಯ ಗೂಡಿನ ಮೇಲೂ ಬಂದಿರಲಿಲ್ಲ. ಅಂದಿನಿಂದ ಹಾಳೆಯಲ್ಲಿದ್ದಂತೆ ಮಾಡಿದೆ. ಸುಲಭವಾಗಲಿಲ್ಲ. ಎರಡು ಸಲ ಜಾರಿ ಮತ್ತೆ ಹಿಡಿದುಕೊಂಡೆ. ಮೂರು ತಿಂಗಳಿಗೆ ಸಿಗರೇಟು ಬಿಟ್ಟಿತು, ಆಮೇಲೆ ಗಮ್ಮೂ ಬಿಟ್ಟಿತು.

ಮನೆ ಮನೆಗೆ ಹೋಗುವ ಕೆಲಸ ಅದಕ್ಕಿಂತ ಬೇಗ ಮುಗಿಯುತ್ತ ಬಂತು. ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಕಾಲುವೆಯ ತೂಬು ಕಾಯುತ್ತಿದ್ದ ಒಬ್ಬ ಮುದುಕನ ಹೆಸರು. ಅವನು ತಿಂಗಳ ಹಿಂದೆಯೇ ತೀರಿಕೊಂಡ ಎಂದು ಆಶಾ ಕಾರ್ಯಕರ್ತೆ ಹೇಳಿದ್ದಳು. "ಆ ಮನಿಗಿ ಯಾಕ ಹೋಗ್ತೀರಿ, ಗೆರಿ ಹೊಡಿರಿ," ಎಂದಿದ್ದಳು. ನಾನೂ ಪೆನ್ನು ತೆಗೆದಿದ್ದೆ. ಗೆರೆ ಎಳೆದರೆ ಕೆಲಸ ಮುಗಿದ ಹಾಗೆ. ಎರಡು ದಿನ ಹಾಗೇ ಇಟ್ಟುಕೊಂಡು, ಮೂರನೇ ದಿನ ಒಂದು ಪೀಪಿ ಚೀಲಕ್ಕೆ ಹಾಕಿಕೊಂಡು ಹೋದೆ. ಯಾಕೆ ಹಾಕಿಕೊಂಡೆನೋ, ಸತ್ತವನಿಗೆ ಅದರ ಅಗತ್ಯವಿರಲಿಲ್ಲ.

ಮನೆಯ ಮುಂದೆ ಅವನ ಸೊಸೆ ಭತ್ತ ಹರವುತ್ತಿದ್ದಳು. ನಾನು ಯಾರೆಂದು ಹೇಳಿದೆ.

"ದವಾಖಾನಿ ಸಾಹೇಬ್ರಾ," ಎಂದಳು. "ನಮ್ಮ ಮಾವ ನಿಮ್ಮ ಹೆಸರ ಹೇಳ್ತಿದ್ದ. ನೀವು ಬೈದೀರಂತ ಬೀಡಿ ಬಿಟ್ಟಿದ್ದ ನೋಡ್ರಿ. ಕಡೀ ಐದ್ ತಿಂಗಳು ಒಂದೂ ಮುಟ್ಟಲಿಲ್ಲ."

ಬೈದದ್ದು ನನಗೆ ನೆನಪಿರಲಿಲ್ಲ. ಬೀಡಿ ಬಿಡು ಎಂದು ಕಿಟಕಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದೆ, ಹೇಳಿ ಒಳಗೆ ಹೋಗಿ ನನ್ನದು ಹಚ್ಚುತ್ತಿದ್ದೆ.

"ಗುಳಿಗಿ ತಗೋತಿದ್ದನೇನು?" ಎಂದು ಕೇಳಿದೆ.

"ತಪ್ಪಸಲಾರ್ದ. ಮುಂಜಾನಿ ಒಂದು, ಸಂಜಿಗಿ ಒಂದು. ಈಗ ಉಳದವನ್ನ ನಮ್ಮ ಅತ್ತಿ ನುಂಗಾಕತ್ತಾಳ. ಆಕಿಗೂ ದಮ್ಮು ಅದ. ವಲಿ ಮುಂದ ಕುಂತು ಕುಂತು ಬಂದದ."

ಒಳಗಿನ ಪಡಸಾಲೆಯಲ್ಲಿ ಒಬ್ಬ ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಪಕ್ಕದ ಗೋಡೆಯ ಗೂಡಿನಲ್ಲಿ ನಾನು ಕತ್ತರಿಸಿ ಕೊಟ್ಟ ಪಟ್ಟಿಗಳಿದ್ದವು.

ಸೊಸೆಗೆ ಎಲ್ಲವನ್ನೂ ಹೇಳಿದೆ. ಅವು ನುಂಗುವವಲ್ಲ ಎಂದು, ಅದನ್ನು ಹೇಳಬೇಕಾದವನು ನಾನು ಎಂದು, ನಿಮ್ಮ ಮಾವನಿಗೆ ಹೇಳಲಿಲ್ಲ ಎಂದು. ಹೇಳಿದ್ದರೆ ಅವನು ಬದುಕುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಅವನ ಎದೆಗೆ ಸೇರಬೇಕಾದ ಔಷಧಿ ಸೇರಲಿಲ್ಲ ಎಂದೆ. ಅವಳು ಕೈಯಲ್ಲಿದ್ದ ಭತ್ತವನ್ನು ಹಾಗೇ ಹಿಡಿದು ಕೇಳಿಸಿಕೊಂಡಳು. ನಮ್ಮ ಕಡೆ ಯಾರೇ ಬರಲಿ, ಮೊದಲು ಒಂದು ಚೊಂಬು ನೀರು ಬರುತ್ತದೆ. ಅವಳು ನೀರು ತರಲಿಲ್ಲ, ಕೂಡ್ರಿ ಎನ್ನಲೂ ಇಲ್ಲ.

"ತೋರಸ್ರಿ," ಎಂದಳು ಕೊನೆಗೆ.

ನಿಂತಲ್ಲೇ ತೋರಿಸಿದೆ. ಇಡುವುದು, ಒತ್ತುವುದು, ತಿರುವುವುದು, ಉಸಿರು ಹೊರಗೆ ಬಿಡುವುದು, ಎಳೆಯುವುದು, ಹಿಡಿಯುವುದು. "ಇನ್ನೊಮ್ಮೆ," ಎಂದಳು. ಮತ್ತೆ ತೋರಿಸಿದೆ. "ಇನ್ನೊಮ್ಮೆ," ಎಂದಳು. ಮೂರನೇ ಸಲ ನನ್ನ ಬೆರಳುಗಳನ್ನಷ್ಟೇ ನೋಡುತ್ತಿದ್ದಳು, ಮುಖ ನೋಡಲಿಲ್ಲ.

ಆಮೇಲೆ ಪೀಪಿಗಾಗಿ ಕೈ ಚಾಚಿದಳು, ಕೊಟ್ಟೆ. ನನ್ನ ಕೈ ತಾಗಿದ ಜಾಗವನ್ನೆಲ್ಲ ಸೆರಗಿನಿಂದ ಒರೆಸಿದಳು. ತಿರುವಿ ಇನ್ನೊಂದು ಮಗ್ಗುಲನ್ನೂ ಒರೆಸಿದಳು.

"ನೀವಿನ್ನ ಹೋಗ್ರಿ," ಎಂದು ಹೇಳಿ, ಒಳಗೆ ಹೋಗಿ ಅತ್ತೆಯ ಮುಂದೆ ಕೂತಳು. ನಾನು ಅಂಗಳ ದಾಟುವಾಗ ಅವಳ ಧ್ವನಿ ಕೇಳಿಸುತ್ತಿತ್ತು. "ಅತ್ತಿ, ಮೊದಲ ಉಸರೆಲ್ಲಾ ಹೊರಗ ಬಿಡು. ಪೀಪಿಯೊಳಗಲ್ಲ. ಹೊರಗ."